ಅಂಗೈಯೊಳಗಿನ ಪೇಟೆಯೂ ಮಳೆಗಾಲದ ಉದ್ರಿಯೂ

ಕಾರವಾರದಿಂದ ಅಂಕೋಲೆಗೆ ಹೋಗುವ ದಾರಿಯಲ್ಲಿ, ಒಂದು ಕಡೆಗೆ ಸಮುದ್ರವನ್ನೂ ಇನ್ನೊಂದು ಕಡೆಗೆ ಗುಡ್ಡಗಳನ್ನೂ ಇಟ್ಟುಕೊಂಡು ಹಾರವಾಡವೆಂಬ ಊರು ಇದೆ. ಕೊಂಕಣ ರೈಲ್ವೆಯ ಒಂದು ಚಿಕ್ಕ ನಿಲ್ದಾಣವು ಈ ಊರಿನ ಹೆಸರನ್ನು ಹೊತ್ತು ನಿಂತಿದೆ. ವೇಗದ ಗಾಡಿಯಲ್ಲಿ ಕುಳಿತವರು ಆ ಹೆಸರನ್ನು ಓದಿ ಮುಗಿಸುವುದರೊಳಗೆ ಊರು ಹಿಂದೆ ಬಿದ್ದಿರುತ್ತದೆ. ಇಂಥ ಊರಿನ ಸಂಗತಿಯನ್ನು ವಾಚಕರ ಮುಂದಿಡಲು ನಾವು ಹೊರಟಿರುವುದಕ್ಕೆ ಕಾರಣವುಂಟು. ಬೆಂಗಳೂರು ಮುಂಬಯಿಗಳಂಥ ಮಹಾನಗರಗಳ ದೊಡ್ಡ ದೊಡ್ಡ ಕೋಠಿಗಳಲ್ಲಿ ನಡೆದಿರುವ ಒಂದು ಬದಲಾವಣೆಯ ಕೊನೆಯ ತುದಿಯು ಇಲ್ಲಿಯ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ನಮ್ಮ ಕಣ್ಣಿಗೆ ಬಿದ್ದಿತು.

ಮಳೆ ಹಿಡಿಯುವುದಕ್ಕೆ ಮುಂಚಿನ ಒಂದು ಸಂಜೆ ನಾವು ಕುಚ್ಚಲಕ್ಕಿಗಾಗಿ ಆ ಅಂಗಡಿಗೆ ಹೋಗಿದ್ದೆವು. ಅಂಗಡಿಯವರ ಎಡಗೈಯಲ್ಲಿ ಮೊಬೈಲು ಇದ್ದಿತು. ಅವರೆದುರಿಗೆ ಅಂಕೋಲೆಯ ಸಗಟು ವ್ಯಾಪಾರಸ್ಥರ ಕಡೆಯ ಮನುಷ್ಯನು ಎಂದಿನಂತೆ ಬೇಡಿಕೆ ಬರೆದುಕೊಳ್ಳುವ ಪುಸ್ತಕವನ್ನು ಬಿಚ್ಚಿಕೊಂಡು ನಿಂತಿದ್ದನು. ಅವನು ಸಾಬೂನಿನ ಪೆಟ್ಟಿಗೆಯ ದರ ಹೇಳಿದನು. ಅಂಗಡಿಯವರು ಮೊಬೈಲಿನ ಮೇಲೆ ಬೆರಳೆಳೆದು ನೋಡಿದರು. ಚಹಪುಡಿಯ ದರ ಹೇಳಿದನು. ಪುನಃ ಬೆರಳೆಳೆದು ನೋಡಿದರು. ಇಬ್ಬರ ಬಾಯಲ್ಲಿಯೂ ಕೆಟ್ಟ ಮಾತೊಂದೂ ಬರಲಿಲ್ಲ. ಆದರೆ ಹಿಂದೆ ಎರಡು ಹಾಳೆ ತುಂಬುತ್ತಿದ್ದ ಬೇಡಿಕೆಯು ಆ ದಿನ ಆರು ಸಾಲುಗಳಲ್ಲಿ ಮುಗಿದುಹೋಯಿತು. ಆ ಮನುಷ್ಯನು ಪುಸ್ತಕವನ್ನು ಚೀಲಕ್ಕೆ ಹಾಕಿ, "ಬರ್ತೆ ಹಾಗಾದ್ರೆ" ಎಂದು ಮೋಟಾರು ಸೈಕಲ್ಲು ಹತ್ತಿದನು. ಅವನು ಹೋದ ಮೇಲೆ ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರು. ನಾವು ಕೇಳುವುದಕ್ಕೆ ಮೊದಲೇ, "ಇಪ್ಪತ್ತು ವರ್ಷದಿಂದ ಬರ್ತಿದ್ದವ. ಏನು ಮಾಡುವುದು, ಪೆಟ್ಟಿಗೆಗೆ ಇಷ್ಟು ಫರಕು ಬಂದರೆ?" ಎಂದರು.

ಈ ಫರಕೆಂಬುದು ಏನು, ಎಲ್ಲಿಂದ ಬಂದಿತು, ಅದರಿಂದ ನಮ್ಮಂಥ ಗೃಹಸ್ಥರಿಗೆ ಲಾಭವೋ ನಷ್ಟವೋ ಎಂಬುದನ್ನು ಆ ದಿನದಿಂದ ನಾವು ವಿಚಾರಿಸುತ್ತಲೇ ಇದ್ದೇವೆ.

ನಮ್ಮ ಕಡೆಯ ಅಂಗಡಿಗಳಿಗೆ ಸಾಮಾನು ಬರುವ ಹಳೆಯ ದಾರಿಯನ್ನು ಮೊದಲು ತಿಳಿಸಬೇಕು. ಬೇಳೆ, ಮೆಣಸಿನಕಾಯಿ, ಶೇಂಗಾ, ಬೆಲ್ಲ, ಜೋಳ ಮೊದಲಾದ ಬಯಲುಸೀಮೆಯ ಮಾಲೆಲ್ಲ ಹುಬ್ಬಳ್ಳಿಯ ಪೇಟೆಯಿಂದ ಘಟ್ಟ ಇಳಿದು ಬರತಕ್ಕದ್ದು. ಹುಬ್ಬಳ್ಳಿಗೂ ಅಂಕೋಲೆಗೂ ನಡುವೆ ಸುಮಾರು ೧೩೦ ಕಿಲೋಮೀಟರು ದಾರಿ. ಯಲ್ಲಾಪುರ ದಾಟಿದ ಮೇಲೆ ಅರಬೈಲ ಘಟ್ಟದ ತಿರುವುಗಳು. ಈ ಎರಡು ಊರುಗಳನ್ನು ಕೂಡಿಸುವ ರೈಲು ದಾರಿಯು ೧೯೯೦ರ ದಶಕದ ಕೊನೆಗೇ ಮಂಜೂರಾಗಿದ್ದರೂ ಕಾಡು ಕಡಿಯುವ ಪ್ರಶ್ನೆಯಲ್ಲಿ ಸಿಕ್ಕಿಕೊಂಡು ಇನ್ನೂ ಆಗಿಲ್ಲ. ಆದುದರಿಂದ ಎಲ್ಲವೂ ಲಾರಿಯ ಮೇಲೆಯೇ ಬರಬೇಕು. ಹಾರವಾಡದ ಒಬ್ಬ ಅಂಗಡಿಕಾರನು ಒಂದು ಮೂಟೆ ತೊಗರಿಬೇಳೆಗಾಗಿ ಹುಬ್ಬಳ್ಳಿಗೆ ಲಾರಿ ಕಳುಹಿಸಲಾರನು. ಅಂಕೋಲೆಯ ಅಥವಾ ಕಾರವಾರದ ಸಗಟು ವ್ಯಾಪಾರಸ್ಥನು ಲಾರಿಗಟ್ಟಲೆ ತರಿಸಿ, ಕೋಠಿಯಲ್ಲಿಟ್ಟು, ಮೂಟೆ ಮೂಟೆಯಾಗಿ ಹಂಚುತ್ತಿದ್ದನು. ಸಾಬೂನು, ಎಣ್ಣೆ, ಬಿಸ್ಕತ್ತು ಮೊದಲಾದ ಕಂಪನಿಯ ಮಾಲಿಗೆ ಬೇರೆ ಏಜಂಟರಿದ್ದರು. ಅವರ ಕ್ರಮವೂ ಹೆಚ್ಚು ಕಡಿಮೆ ಇದೇ.

ಈ ಕೆಲಸಕ್ಕೆಲ್ಲ ಅವನು ನೂರಕ್ಕೆ ಇಷ್ಟೆಂದು ತನ್ನ ಪಾಲನ್ನು ಹಿಡಿಯುತ್ತಿದ್ದುದು ಸಹಜವೇ. ಆದರೆ ಮಾಲಿಗಿಂತಲೂ ದೊಡ್ಡದಾದ ಇನ್ನೊಂದು ವಸ್ತುವನ್ನು ಅವನು ಹಂಚುತ್ತಿದ್ದನು. ಅದು ಉದ್ರಿ. ಇಂದು ಮಾಲು ಕೊಟ್ಟು, ಹದಿನೈದು ದಿನಕ್ಕೋ ತಿಂಗಳಿಗೋ ಹಣ ತೆಗೆದುಕೊಳ್ಳುವುದು. ಅಂಗಡಿಕಾರನ ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದರೆ ಇನ್ನೊಂದು ತಿಂಗಳು ತಡೆಯುವುದು. ಇದಕ್ಕೆ ಕಾಗದವಿಲ್ಲ, ಸಹಿಯಿಲ್ಲ. ವಹಿಯಲ್ಲಿ ಬರೆದ ಒಂದು ಸಾಲೇ ಸಾಕು. ಸಗಟು ವ್ಯಾಪಾರಸ್ಥನು ಅಂಗಡಿಕಾರನಿಗೆ ಉದ್ರಿ ಕೊಟ್ಟರೆ, ಅಂಗಡಿಕಾರನು ಊರಿಗೆ ಉದ್ರಿ ಕೊಡಬಲ್ಲನು.

ಈ ಉದ್ರಿಯ ಬೆಲೆಯೇನೆಂಬುದು ಕರಾವಳಿಯ ಹೊರಗಿನವರಿಗೆ ಒಮ್ಮೆಲೇ ಹೊಳೆಯಲಾರದು. ಪ್ರತಿ ವರ್ಷ ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನಗಳ ಕಾಲ, ನಮ್ಮ ಕರಾವಳಿಯಲ್ಲಿ ಯಂತ್ರದ ಬೋಟುಗಳು ಸಮುದ್ರಕ್ಕೆ ಇಳಿಯಕೂಡದೆಂದು ಸರಕಾರದ ಕಟ್ಟಪ್ಪಣೆಯಿದೆ. ಮೀನು ಮರಿಯಿಡುವ ಕಾಲವೆಂದು ಈ ನಿರ್ಬಂಧ, ಅದು ಯುಕ್ತವಾದುದೇ. ನಾಡದೋಣಿಯವರಿಗೆ ಇದು ತಗಲದಿದ್ದರೂ ಆ ಕಾಲದ ತೆರೆಗಳ ಅಬ್ಬರವನ್ನು ನೋಡಿದವರು ಅವರ ಸಂಪಾದನೆಯನ್ನು ಊಹಿಸಿಕೊಳ್ಳಬಹುದು. ಬಂಗಡೆ ತಾರಲೆಗಳ ಹಂಗಾಮು ಮಳೆ ಹಿಂದೆಗೆದ ಮೇಲೆ ಬರತಕ್ಕದ್ದು. ಅಲ್ಲಿಯವರೆಗೆ ಬಲೆ ಹೊಸೆಯುತ್ತ, ದೋಣಿಗೆ ಎಣ್ಣೆ ಹಚ್ಚುತ್ತ ಕುಳಿತ ಮನೆಗಳಲ್ಲಿ ಒಲೆಯು ಉರಿಯಬೇಕು. ಮಕ್ಕಳ ಶಾಲೆಯ ಖರ್ಚೂ ಸರಿಯಾಗಿ ಜೂನ್ ತಿಂಗಳಲ್ಲಿಯೇ ಬರುತ್ತದೆ. ಆ ಎರಡು ತಿಂಗಳು ಊರು ನಡೆಯುವುದು ಕಿರಾಣಿ ಅಂಗಡಿಯ ವಹಿಯ ಮೇಲೆ. ಅಂಗಡಿಯ ವಹಿ ನಡೆಯುವುದು ಅಂಕೋಲೆಯ ಕೋಠಿಯ ವಹಿಯ ಮೇಲೆ. ಹಂಗಾಮು ಬಂದೊಡನೆ ಸಾಲವು ಕೆಳಗಿನಿಂದ ಮೇಲಕ್ಕೆ, ನೀರು ಇಳಿದ ದಾರಿಯಲ್ಲಿಯೇ ಹಿಂದಿರುಗಿ ಹತ್ತುವಂತೆ, ತೀರುತ್ತ ಹೋಗುತ್ತದೆ. ನಮ್ಮ ಅಂಗಡಿಯವರ ವಹಿಯಲ್ಲಿ ಜುಲೈ ತಿಂಗಳ ಹಾಳೆಗಳು ದಪ್ಪ. ನವೆಂಬರಿನಲ್ಲಿ ಆ ಹಾಳೆಗಳ ಮೇಲೆಲ್ಲ ಅಡ್ಡಗೆರೆ.

ಇನ್ನು ಅಂಗೈಯೊಳಗಿನ ಪೇಟೆಯ ಮಾತು.

ಬೆಂಗಳೂರಿನಲ್ಲಿ ೨೦೦೭ರಲ್ಲಿ ಪುಸ್ತಕ ಮಾರುವುದಕ್ಕೆಂದು ಪ್ರಾರಂಭವಾದ ಫ್ಲಿಪ್‌ಕಾರ್ಟ್ ಎಂಬ ಕಂಪನಿಯ ಹೆಸರು ಇಂದು ಮಕ್ಕಳಿಗೂ ಗೊತ್ತು. ಆದರೆ ಮನೆಮನೆಗೆ ಪೆಟ್ಟಿಗೆ ಕಳುಹಿಸುವ ವ್ಯಾಪಾರ ಒಂದು ಬಗೆ. ಅಂಗಡಿಕಾರನಿಗೇ ಸಗಟು ಮಾಲನ್ನು ಒದಗಿಸುವ ವ್ಯಾಪಾರ ಇನ್ನೊಂದು ಬಗೆ. ಮೊದಲನೆಯದನ್ನು ಎಲ್ಲರೂ ನೋಡಿದ್ದಾರೆ. ಎರಡನೆಯದು ಅಂಗಡಿಯ ಹಿಂಬಾಗಿಲಿನಿಂದ ಬಂದುದರಿಂದ ಗಿರಾಕಿಗಳ ಲಕ್ಷ್ಯಕ್ಕೆ ಬಂದಿಲ್ಲ. ಬೆಂಗಳೂರಿನಲ್ಲಿಯೇ ೨೦೧೬ರಲ್ಲಿ ಉಡಾನ್ ಎಂಬ ಕಂಪನಿಯು ಇದಕ್ಕೆಂದೇ ಹುಟ್ಟಿತು. ಅಮೇರಿಕೆಯ ವಾಲ್‌ಮಾರ್ಟ್ ಕಂಪನಿಯು ೨೦೧೮ರಲ್ಲಿ ಫ್ಲಿಪ್‌ಕಾರ್ಟಿನ ಬಹುಪಾಲನ್ನು ಕೊಂಡಿತು. ೨೦೨೦ರಲ್ಲಿ ಫ್ಲಿಪ್‌ಕಾರ್ಟ್ ಹೋಲ್‌ಸೇಲ್ ಬಂದಿತು. ೨೦೦೩ರಿಂದಲೂ ಬೆಂಗಳೂರಿನಲ್ಲಿ ಅಂಗಡಿಕಾರರಿಗಾಗಿ ಸಗಟು ಮಳಿಗೆಗಳನ್ನು ನಡೆಸುತ್ತಿದ್ದ ಜರ್ಮನಿಯ ಮೆಟ್ರೊ ಕಂಪನಿಯ ಇಲ್ಲಿಯ ವ್ಯಾಪಾರವನ್ನು ೨೦೨೩ರಲ್ಲಿ ರಿಲಾಯನ್ಸ್ ಕಂಪನಿಯು ತೆಗೆದುಕೊಂಡಿತು.

ಇವರು ಕಡಿಮೆ ದರಕ್ಕೆ ಕೊಡಬಲ್ಲರೇಕೆ? ಕಾರಖಾನೆಯಿಂದ ನೇರವಾಗಿ, ಅಪಾರ ಪ್ರಮಾಣದಲ್ಲಿ ಕೊಳ್ಳುವುದರಿಂದ ಎಂಬುದು ಒಂದು ಉತ್ತರ. ಬಂಡವಾಳ ಹೂಡಿದವರ ಹಣವನ್ನು ಕೆಲವು ವರ್ಷ ಕಳೆದುಕೊಂಡಾದರೂ ಗಿರಾಕಿಯನ್ನು ಹಿಡಿಯಬೇಕೆಂಬ ಹವಣು ಎಂಬುದು ಇನ್ನೊಂದು. ಅಂಕೋಲೆಯ ಕೋಠಿಯವನು ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯವರೆಗೆ ನಷ್ಟದಲ್ಲಿ ವ್ಯಾಪಾರ ಮಾಡಿದರೆ ಅವನ ಕೋಠಿಗೆ ಬೀಗ ಬೀಳುತ್ತದೆ. ಈ ದೊಡ್ಡವರಿಗೆ ಹಾಗಲ್ಲ.

೨೦೨೧ರ ಕೊನೆಯಲ್ಲಿ ಈ ವಿಷಯವು ಬಯಲಿಗೆ ಬಂದಿತು. ಹಳೆಯ ಏಜಂಟರು ಅಂಗಡಿಕಾರನಿಗೆ ನೂರಕ್ಕೆ ೮ರಿಂದ ೧೨ರಷ್ಟು ಲಾಭ ಬಿಡುತ್ತಿದ್ದಲ್ಲಿ ಹೊಸ ಕಂಪನಿಗಳು ೧೫ರಿಂದ ೨೦ರಷ್ಟು ಬಿಡುತ್ತಿವೆಯೆಂದು ಆಗ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದಿತು. ದೇಶದ ವಿತರಕರ ಒಕ್ಕೂಟದವರು, ಒಂದೇ ಮಾಲನ್ನು ಅವರಿಗೊಂದು ದರಕ್ಕೆ ನಮಗೊಂದು ದರಕ್ಕೆ ಕೊಡುವುದು ನ್ಯಾಯವೇ ಎಂದು ಮಾಲು ತಯಾರಿಸುವ ಕಂಪನಿಗಳನ್ನು ಕೇಳಿದರು. ೨೦೨೨ನೆಯ ಇಸವಿಯ ಮೊದಲನೆಯ ದಿನದಿಂದ ಮಹಾರಾಷ್ಟ್ರದಲ್ಲಿ ಅವರು ಕೋಲ್ಗೇಟ್ ಮಾಲನ್ನು ಹಂಚುವುದನ್ನೇ ನಿಲ್ಲಿಸಿ ನೋಡಿದರು. ಬಹಿಷ್ಕಾರವೆಂಬ ಆಯುಧವು ಅಂಕೋಲೆಯವರಿಗೆ ಹೊಸದಲ್ಲ. ೧೯೩೦ರಲ್ಲಿ ಇಲ್ಲಿಯೇ ಉಪ್ಪಿನ ಕಾಯದೆಯನ್ನು ಮುರಿದ ಜನ ನಮ್ಮವರು. ಆದರೆ ಸರಕಾರದ ಉಪ್ಪನ್ನು ಬಿಟ್ಟು ತಮ್ಮ ಉಪ್ಪನ್ನು ಮಾಡಿಕೊಳ್ಳಬಹುದಾಗಿದ್ದಿತು. ಪೇಸ್ಟಿಗೆ ಕೊರತೆಯಾದರೆ ಗಿರಾಕಿಯು ಮೊಬೈಲನ್ನು ತೆಗೆಯುತ್ತಾನೆ. ಹೋರಾಟದ ತೊಡಕು ಅಲ್ಲಿಯೇ ಇದೆ.

ಇಲ್ಲಿಯವರೆಗೆ ಓದಿದವರು, ನಾವು ಹಳೆಯ ಪೇಟೆಯ ವಕೀಲರೆಂದು ಭಾವಿಸಬಾರದು. ಅದರ ದೋಷಗಳನ್ನು ಉಂಡವರೇ ನಾವು. ಮುಂಬರುವ ಹಬ್ಬವನ್ನು ನೋಡಿ ಸಕ್ಕರೆಯನ್ನು ಒಳಗಿಟ್ಟುದನ್ನು ನೋಡಿದ್ದೇವೆ. ಖಪ್ಪಾಗುವ ಮಾಲು ಬೇಕಾದರೆ ಖಪ್ಪಾಗದ ಮಾಲನ್ನೂ ಕೊಳ್ಳಲೇಬೇಕೆಂದು ಚಿಕ್ಕ ಅಂಗಡಿಕಾರನನ್ನು ಕಟ್ಟಿಹಾಕಿದುದನ್ನು ಕೇಳಿದ್ದೇವೆ. ಉದ್ರಿಯ ಋಣದಲ್ಲಿದ್ದವನು ದರ ಕೇಳುವಂತಿರಲಿಲ್ಲ. "ನಿನಗೆ ಅದೆಲ್ಲ ಏಕೆ, ಒಯ್ಯಿ" ಎಂದರೆ ಒಯ್ಯಬೇಕು. ಹುಬ್ಬಳ್ಳಿಯಲ್ಲಿ ಇಂದು ಬೇಳೆಗೆ ಏನು ದರವೆಂಬುದನ್ನು ಹಾರವಾಡದವನು ತಿಳಿಯುವ ಬಗೆಯೇ ಇರಲಿಲ್ಲ. ಈಗ ಅವನ ಅಂಗೈಯಲ್ಲಿ ಅದು ಬೆಳಿಗ್ಗೆಯೇ ಬಂದು ಕುಳಿತಿರುತ್ತದೆ. ಇದನ್ನು ಚಿಕ್ಕ ಲಾಭವೆನ್ನಲು ನಮಗೆ ಮನಸ್ಸು ಬರುವುದಿಲ್ಲ. ಅಂಕೋಲೆಯ ಮನುಷ್ಯನು ಆ ಸಂಜೆ ಬರೆದುಕೊಂಡ ಆರು ಸಾಲುಗಳಲ್ಲಿ ಎರಡಕ್ಕೆ ದರ ಇಳಿಸಿಯೇ ಬರೆದನೆಂಬುದನ್ನು ಹೇಳದೆ ಬಿಟ್ಟರೆ ಸತ್ಯಕ್ಕೆ ಅಪಚಾರವಾದೀತು.

ಮಾಲು ಕೊಡುವವನ ಕಡೆಯಿಂದ ನೋಡಿದರೂ ಹಾಗೆಯೇ. ನಮ್ಮ ಜಿಲ್ಲೆಯ ಘಟ್ಟದ ಮೇಲಿನ ಅಡಿಕೆ ಬೆಳೆಗಾರರು ದಲಾಲರ ಹಿಡಿತದಿಂದ ಪಾರಾಗಬೇಕೆಂದೇ ಶಿರಸಿಯಲ್ಲಿ ೧೯೨೩ರಷ್ಟು ಹಿಂದೆ ತೋಟಗಾರರ ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡರು. ಹಿಂದಿನ ಮಂಡಿಗಳಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಗೊತ್ತುಮಾಡುವ ಪದ್ಧತಿಯೊಂದಿದ್ದಿತು. ಯಾರು ಎಷ್ಟು ಕೂಗಿದರೆಂಬುದು ಮಾಲಿನ ಒಡೆಯನಿಗೇ ತಿಳಿಯದು. ಕರ್ನಾಟಕ ಸರಕಾರವು ೨೦೧೪ರಲ್ಲಿ ಇದಕ್ಕಾಗಿ ಒಂದು ಪ್ರತ್ಯೇಕ ಕಂಪನಿಯನ್ನು ಏರ್ಪಡಿಸಿ, ಮಾರುಕಟ್ಟೆ ಸಮಿತಿಗಳ ಟೆಂಡರನ್ನು ಗಣಕಯಂತ್ರದ ಮೇಲೆ ತಂದಿತು. ಬೇರೆ ಊರಿನ ವ್ಯಾಪಾರಸ್ಥನೂ ಕುಳಿತಲ್ಲಿಂದ ದರ ಹಾಕಬಹುದು. ಹೆಚ್ಚು ಹಾಕಿದವನಿಗೆ ಮಾಲು. ಎರಡು ವರ್ಷಗಳ ತರುವಾಯ, ೨೦೧೬ರ ಏಪ್ರಿಲ್ ೧೪ರಂದು, ಕೇಂದ್ರ ಸರಕಾರವು ಇದೇ ಬಗೆಯ ಇ-ನಾಮ್ ಎಂಬ ಏರ್ಪಾಟನ್ನು ಇಡೀ ದೇಶಕ್ಕೆಂದು ಪ್ರಾರಂಭಿಸಿತು. ಯಂತ್ರದಿಂದ ದಲಾಲನು ಅಳಿದನೇ? ಅಳಿಯಲಿಲ್ಲ. ಬೆಳೆಗಾರನಿಗೆ ಮುಂಗಡ ಕೊಡುವವನು ಅವನೇ ಆಗಿರುವವರೆಗೆ ಮಾಲು ಅವನ ಅಡತಿಗೇ ಬಂದಿಳಿಯುತ್ತದೆ. ದರ ಮಾತ್ರ ಬಯಲಾಯಿತು. ಮೀನಿನ ದಂಡೆಯಲ್ಲಿ ಇಷ್ಟೂ ಆಗಿಲ್ಲ. ಅಲ್ಲಿ ಇಂದಿಗೂ ಬಾಯಿಯ ಲಿಲಾವು, ಕೈಯ ಬುಟ್ಟಿ. ಬೋಟಿಗೆ ಸಾಲ ಕೊಟ್ಟವನ ಮೂಲಕವೇ ಮಾರಾಟ.

ಅಂಕೋಲೆಯ ಕರಿ ಈಶಾಡು ಮಾವಿಗೆ ೨೦೨೩ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತ ಮೇಲೆ ದೂರದ ಊರಿನವರೂ ಹೆಸರು ಹೇಳಿ ಬೇಡುವಂತಾಯಿತು. ಮೊಬೈಲಿನಲ್ಲಿ ಬೇಡಿಕೆ ಬರುವುದೇನೋ ಸುಲಭ. ಆದರೆ ಆ ಹಣ್ಣಿನ ಸಿಪ್ಪೆಯು ಅತಿ ತೆಳು. ಬೆಂಗಳೂರಿಗೆ ಹೋಗಿ ಮುಟ್ಟುವುದರೊಳಗೆ ಪೆಟ್ಟಿಗೆಯ ತಳದಲ್ಲಿ ರಸವಾಗಿರುತ್ತದೆ. ಅಂಗೈಯ ಪೇಟೆಗೆ ಈಶಾಡು ಬಗ್ಗಿಲ್ಲವೆಂದು ನಮ್ಮ ಕಡೆಯವರು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಾರೆ!

ಪೇಟೆಯು ದಾರಿ ಬದಲಿಸುವುದು ಈ ಕರಾವಳಿಗೆ ಮೊದಲನೆಯ ಸಲವೇನೂ ಅಲ್ಲ. ಧಾರವಾಡ ಕಡೆಯ ಹತ್ತಿಯು ಒಂದಾನೊಂದು ಕಾಲಕ್ಕೆ ಕುಮಟೆಯ ಬಂದರದಿಂದ ಹಡಗು ಹತ್ತುತ್ತಿದ್ದಿತು; ಅದರಿಂದ ಮುಂಬಯಿಯಲ್ಲಿಯೂ ವಿಲಾಯತಿಯಲ್ಲಿಯೂ ಆ ಹತ್ತಿಗೆ ಕುಮಟಾ ಹತ್ತಿಯೆಂದೇ ಹೆಸರು ಬಿದ್ದಿತು. ೧೮೬೧ರಿಂದ ೧೮೬೫ರವರೆಗಿನ ಅಮೇರಿಕೆಯ ಅಂತರ್ಯುದ್ಧದಲ್ಲಿ ಲ್ಯಾಂಕಾಶಾಯರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ ಇಲ್ಲಿಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ಇದೇ ಕಾಲದಲ್ಲಿ, ೧೮೬೨ರಲ್ಲಿ, ಉತ್ತರ ಕನ್ನಡವು ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು, ಕಾರವಾರವನ್ನು ದೊಡ್ಡ ಹತ್ತಿ ಬಂದರವನ್ನಾಗಿ ಮಾಡುವ ಆಸೆ ಬೆಳೆಯಿತು, ಘಟ್ಟಕ್ಕೆ ರಸ್ತೆಗಳಾದವು. ಆದರೆ ೧೮೮೦ರ ದಶಕದ ಕೊನೆಗೆ ಗೋವೆಯ ಮುರಗಾಂವ ಬಂದರಕ್ಕೆ ರೈಲು ಬಂದೊಡನೆ ಹತ್ತಿಯ ಅಂಡಿಗೆಗಳು ಅತ್ತ ತಿರುಗಿದವು. ಬಂಡಿ ಹೊಡೆಯುವವನು, ಹಮಾಲನು, ಬಂಡಿಯವರಿಗೆ ಅವಲಕ್ಕಿ ಮಾರುತ್ತಿದ್ದವನು ಇವರೆಲ್ಲರ ಗತಿ ಏನಾಯಿತೆಂಬುದನ್ನು ಯಾವ ಗ್ಯಾಝೆಟಿಯರೂ ಮನೆಮನೆಗೆ ಹೋಗಿ ಬರೆದಿಟ್ಟಂತಿಲ್ಲ.

ಈಗ ನಮ್ಮ ಅಂಗಡಿಗೇ ಹಿಂದಿರುಗೋಣ. ಮೊಬೈಲಿನ ಕಂಪನಿಗಳು ಉದ್ರಿ ಕೊಡುವುದಿಲ್ಲವೇ ಎಂದು ಕೇಳಿದೆವು. ಕೊಡುತ್ತಾರೆ, ಎಂದರು. ಹಿಂದಿನ ಬೇಡಿಕೆಗಳನ್ನೂ ಹಣ ತೀರಿಸಿದ ದಿನಗಳನ್ನೂ ಯಂತ್ರವೇ ಲೆಕ್ಕ ಹಾಕಿ ಇಷ್ಟು ರೂಪಾಯಿಯವರೆಗೆ ಎಂದು ಗೊತ್ತುಮಾಡುತ್ತದೆ. ಮುದ್ದತು ಮೀರಿದರೆ ದಂಡ ಬೀಳುತ್ತದೆ, ಮುಂದಿನ ಬೇಡಿಕೆ ನಿಲ್ಲುತ್ತದೆ. "ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಜುಲೈ ತಿಂಗಳಲ್ಲಿ ಹಣ ಏಕೆ ಬರಲಿಲ್ಲ ಅಂತ ಅದಕ್ಕೆ ಗೊತ್ತಿಲ್ಲ. ಅಂಕೋಲೆಯವರಿಗೆ ಗೊತ್ತು, ಅವರೂ ಕಡಲು ನೋಡಿಕೊಂಡೇ ಇದ್ದವರು," ಎಂದು ಅಂಗಡಿಯವರು ಹೇಳಿದರು.

ಅವರ ಮಾತಿನ ಹುರುಳು ೨೦೨೪ರ ಮಳೆಗಾಲದಲ್ಲಿ ನಮಗೆ ಚೆನ್ನಾಗಿ ಮನವರಿಕೆಯಾಗಿದ್ದಿತು. ಆ ವರ್ಷ ಜುಲೈ ೧೬ರಂದು ಅಂಕೋಲೆಯ ದಕ್ಷಿಣಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದಿತು. ದಾರಿಬದಿಯಲ್ಲಿ ಚಹದ ಅಂಗಡಿಯಿಟ್ಟಿದ್ದ ಸಂಸಾರವೂ ಲಾರಿಯವರೂ ಮಣ್ಣಿನಲ್ಲಿಯೂ ಗಂಗಾವಳಿಯ ಪ್ರವಾಹದಲ್ಲಿಯೂ ಸಿಕ್ಕಿ ಪ್ರಾಣ ಕಳೆದುಕೊಂಡರು. ಹಲವು ದಿನಗಳವರೆಗೆ ದಕ್ಷಿಣದ ದಾರಿ ಕಟ್ಟಿತು. ಅದು ಸರಿಯಾಗುವುದರೊಳಗೆ ಆಗಸ್ಟ್ ೭ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯು ಕುಸಿಯಿತು. ಹೀಗೆ ಗಂಗಾವಳಿಗೂ ಕಾಳಿಗೂ ನಡುವೆ ಇರುವ ನಾವು ಎರಡು ಕಡೆಗೂ ನೋಡುತ್ತ ಕುಳಿತೆವು. ನಮ್ಮ ಮನೆಗೆ ತರಿಸಿದ್ದ ಒಂದು ಪೆಟ್ಟಿಗೆಯು ಎಲ್ಲಿದೆಯೆಂಬುದನ್ನು ಮೊಬೈಲು ಪ್ರತಿ ದಿನವೂ ಬಹು ಸೌಜನ್ಯದಿಂದ ತಿಳಿಸುತ್ತಿದ್ದಿತು. ಪೆಟ್ಟಿಗೆ ಮಾತ್ರ ಬರಲಿಲ್ಲ. ಆ ದಿನಗಳಲ್ಲಿ ನಾವು ಉಂಡ ಅನ್ನವು ಅಂಕೋಲೆಯ ಕೋಠಿಯಲ್ಲಿ ಮೊದಲೇ ಬಂದು ಬಿದ್ದಿದ್ದ ಅಕ್ಕಿಯದು. ಮಾಲನ್ನು ಕೋಠಿಯಲ್ಲಿಟ್ಟು ಕಾಯುವುದು ದುಂದು, ಬೇಕಾದಷ್ಟನ್ನು ಬೇಕಾದಾಗ ತರಿಸುವುದೇ ಜಾಣತನವೆಂಬುದು ಹೊಸ ವಾಣಿಜ್ಯದ ಸೂತ್ರ. ಬಯಲುಸೀಮೆಯ ನೇರ ರಸ್ತೆಗೆ ಆ ಸೂತ್ರ ಸರಿಯಿರಬಹುದು. ಗುಡ್ಡ ಜರಿಯುವ ನಾಡಿಗೆ ಅದು ಎಷ್ಟರಮಟ್ಟಿಗೆ ಹೊಂದುತ್ತದೆಂಬುದರಲ್ಲಿ ನಮಗೆ ಸಂಶಯವಿದೆ.

ಇದರಲ್ಲಿ ನಮ್ಮಂಥ ಸಂಬಳದ ಗೃಹಸ್ಥರ ಪಾಲು ಎಷ್ಟೆಂಬುದನ್ನೂ ಮುಚ್ಚಿಡಬಾರದು. ರೋಖು ಕೊಡಬಲ್ಲ ನಾವೇ ಮೊದಲು ಮೊಬೈಲಿನತ್ತ ಹೊರಳಿದವರು. ಮನೆಯ ಸಾಬೂನು, ಎಣ್ಣೆ, ಮಕ್ಕಳ ಬಿಸ್ಕತ್ತುಗಳಲ್ಲಿ ತಿಂಗಳಿಗೆ ನೂರಿನ್ನೂರು ರೂಪಾಯಿ ಉಳಿದವೆಂದು ಸಂತೋಷಪಟ್ಟೆವು. ನಮ್ಮಿಂದ ಬರುತ್ತಿದ್ದ ರೋಖದ ಲಾಭದ ಬಲದಿಂದಲೇ ಅಂಗಡಿಯವರು ನೆರೆಯ ಮೀನುಗಾರರ ಮನೆಗೆ ಎರಡು ತಿಂಗಳು ಅಕ್ಕಿಯನ್ನು ಉದ್ರಿ ಕೊಡುತ್ತಿದ್ದರೆಂಬುದು ನಮ್ಮ ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ರೋಖದ ಗಿರಾಕಿಯು ಹೋಗಿ ಉದ್ರಿಯ ಗಿರಾಕಿಯು ಮಾತ್ರ ಉಳಿದರೆ ಆ ಅಂಗಡಿಯು ಎಷ್ಟು ದಿನ ಬಾಗಿಲು ತೆರೆದೀತು? ನಮ್ಮ ಮನೆಯವರು ಈ ಪ್ರಶ್ನೆಯನ್ನು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಅಕ್ಕಿ, ಬೇಳೆ, ಎಣ್ಣೆಗಳನ್ನು ಪುನಃ ಅಂಗಡಿಯಿಂದಲೇ ತರಬೇಕೆಂದು ಅವರು ಗೊತ್ತುಮಾಡಿದರು. ಬಟ್ಟೆ ಪುಸ್ತಕಗಳ ಪೆಟ್ಟಿಗೆ ಇನ್ನೂ ಬರುತ್ತಲೇ ಇದೆ. ಅದನ್ನು ಬಿಟ್ಟೆವೆಂದು ಸುಳ್ಳು ಹೇಳಲಾರೆವು.

ಅಂಗಡಿಯವರು ಕಂಡುಕೊಂಡಿರುವ ದಾರಿಯು ಬೇರೆ. ಸಾಬೂನು, ಬಿಸ್ಕತ್ತು, ಚಹಪುಡಿಗಳಂಥ ಮುದ್ರೆಯ ಮಾಲನ್ನು ದರ ನೋಡಿ ಮೊಬೈಲಿನಿಂದ ತರಿಸುತ್ತಾರೆ. ಮೂಗಿಗೆ ಹಿಡಿದು, ಅಂಗೈಯಲ್ಲಿಟ್ಟು ನೋಡಬೇಕಾದ ಅಕ್ಕಿ, ಬೇಳೆ, ಮೆಣಸಿನಕಾಯಿಗಳನ್ನು ಅಂಕೋಲೆಯಿಂದಲೇ ತರುತ್ತಾರೆ. ಅದರಲ್ಲಿ ಮಾಲಿನ ಪರೀಕ್ಷೆಯಷ್ಟೇ ಅಲ್ಲದೆ ಇನ್ನೊಂದು ಉದ್ದೇಶವೂ ಇದೆಯೆಂಬುದನ್ನು ಅವರು ನಮಗೆ ಮೆಲ್ಲನೆ ಹೇಳಿದರು: ಕೋಠಿಯ ವಹಿಯಲ್ಲಿ ತಮ್ಮ ಹೆಸರಿನ ಹಾಳೆ ಹರಿದುಹೋಗಬಾರದು. ಬೇಸಗೆಯಲ್ಲಿ ಆರು ಸಾಲಾದರೂ ಬರೆಸದಿದ್ದರೆ ಮಳೆಗಾಲದಲ್ಲಿ ಯಾವ ಮುಖದಿಂದ ಕೇಳುವುದು?

ಆದರೆ ಎಲ್ಲ ಅಂಗಡಿಕಾರರೂ ಹೀಗೆ ಆರಾರು ಸಾಲು ಬರೆಸಿದರೆ ಕೋಠಿಯವನ ಲಾರಿ ತುಂಬುವುದಿಲ್ಲ. ಅರ್ಧ ತುಂಬಿದ ಲಾರಿಗೂ ಅರಬೈಲ ಘಟ್ಟದಲ್ಲಿ ಎಣ್ಣೆ ಬಹುಮಟ್ಟಿಗೆ ಅಷ್ಟೇ ಬೇಕು. ಆ ಮೋಟಾರು ಸೈಕಲ್ಲಿನ ಮನುಷ್ಯನು ವಾರಕ್ಕೊಮ್ಮೆ ಬರುತ್ತಿದ್ದವನು ಈಗ ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಕಳೆದ ಸಲ ಬಂದಾಗ ಅವನ ಕೈಯಲ್ಲಿಯೂ ಪುಸ್ತಕದ ಬದಲು ಮೊಬೈಲು ಇದ್ದಿತು. ಕೋಠಿಯವರೂ ಬೇಡಿಕೆಯನ್ನು ಅದರಲ್ಲಿಯೇ ಕಳುಹಿಸೆಂದಿದ್ದಾರಂತೆ. ಅಂಗಡಿಯವರು ಅವನಿಗೆ ಚಹ ತರಿಸಿ, ಮಗಳ ಪರೀಕ್ಷೆ ಏನಾಯಿತೆಂದು ಕೇಳಿ, ಎಂಟು ಸಾಲು ಬರೆಸಿದರು. ಎರಡು ಸಾಲು ಹೆಚ್ಚಾಯಿತಲ್ಲವೆಂದು ನಾವು ನಕ್ಕೆವು. ಮೇ ತಿಂಗಳು ಬಂತಲ್ಲ, ಎಂದು ಅವರು ಕಡಲ ಕಡೆಗೆ ನೋಡಿದರು.